ಡೈನಮೋಮೀಟರ್ ಅಂದರೆ ‘ಶಕ್ತಿಮಾಪಕ’ವೇ?

ಗೆಳೆಯರೇ,

ಐಟಿಐ ಹುಡುಗರಿಗಾಗಿ ಎಂಜಿನ್ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದಕ್ಕೆ ಸಿಕ್ಕಿಕೊಂಡಿದ್ದೇನೆ: ಡೈನಮೋಮೀಟರ್, ಅಂದರೆ ಎಂಜಿನ್ನಿನ ಪವರ್ ಎಷ್ಟೆಂದು ಪರೀಕ್ಷಿಸುವ ಯಂತ್ರ. ಕರಡು ನೋಡಿದವರೊಬ್ಬರು ಸಲೀಸಾಗಿ ‘ಶಕ್ತಿಮಾಪಕ’ ಎಂದು ತಿದ್ದಿಕೊಟ್ಟರು. ನನ್ನ ಮನಸ್ಸು ಒಪ್ಪುತ್ತಿಲ್ಲ.

ಯಾಕೆಂದರೆ ಈ ಯಂತ್ರ ಎಂಜಿನ್ನಿನ ಪವರನ್ನು ನೇರವಾಗಿ ಅಳೆಯುವುದೇ ಇಲ್ಲ. ಕಾಲೇಜು ಲ್ಯಾಬಿನ ಹಗ್ಗದ ಬ್ರೇಕನ್ನೇ ನೋಡಿ. ಶಾಫ್ಟಿಗೆ ಒಂದು ಡ್ರಮ್ಮು. ಅದಕ್ಕೆ ಹಗ್ಗ ಸುತ್ತಿ, ಒಂದು ತುದಿಗೆ ತೂಕ ನೇತುಹಾಕುತ್ತಾರೆ. ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ. ಉಜ್ಜಿ ಉಜ್ಜಿ ಡ್ರಮ್ಮು ಕಾಯುವುದರಿಂದ ಅದರೊಳಗೆ ನೀರು ಬಿಡುತ್ತಾರೆ. ತೂಕ 18 ಕೆಜಿ, ತಕ್ಕಡಿ ತೋರಿಸುವುದು 3 ಕೆಜಿ ಅನ್ನಿ. ವ್ಯತ್ಯಾಸ 15 ಕೆಜಿ, ಅಂದರೆ ಸುಮಾರು 147 ನ್ಯೂಟನ್ ಎಳೆತ. ಡ್ರಮ್ಮಿನ ನಡುವಿನಿಂದ ಹಗ್ಗದ ನಡುವಿಗೆ 20 ಸೆಂ.ಮೀ. ಇದ್ದರೆ ಟಾರ್ಕ್, ಅಂದರೆ ಎಳೆತವನ್ನು ಆ ದೂರದಿಂದ ಗುಣಿಸಿದ್ದು, 29.4 ನ್ಯೂಟನ್ ಮೀಟರ್. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಲೆಕ್ಕ 4.6 ಕಿಲೋವ್ಯಾಟ್‌ಗೆ ಬರುತ್ತದೆ. ಆರು ಎಚ್‌ಪಿಗಿಂತ ಸ್ವಲ್ಪ ಜಾಸ್ತಿ. ಅಳೆದದ್ದು ಎಳೆತ ಮತ್ತು ಸುತ್ತು, ಅಷ್ಟೇ. ಪವರ್ ಬಂದದ್ದು ಕಾಗದದ ಮೇಲೆ, ಗುಣಾಕಾರದಿಂದ.

ಎಡ್ಡಿ ಕರೆಂಟ್ ಡೈನಮೋಮೀಟರಿನಲ್ಲೂ ಇದೇ ಕತೆ. ಅಲ್ಲಿ ಹಗ್ಗದ ಬದಲು ಅಯಸ್ಕಾಂತ ತಡೆಯುತ್ತದೆ. ಹೊರಗಿನ ಕವಚವನ್ನು ಬೇರಿಂಗ್ ಮೇಲೆ ಸಡಿಲವಾಗಿ ಕೂರಿಸಿರುತ್ತಾರೆ. ತಾನೂ ಜೊತೆಗೆ ತಿರುಗಲು ಹೋಗುವ ಕವಚವನ್ನು ಒಂದು ತೋಳು ಹಿಡಿದು ನಿಲ್ಲಿಸುತ್ತದೆ. ಆ ತೋಳು ಎಷ್ಟು ಒತ್ತಿತು ಎಂದು ಲೋಡ್ ಸೆಲ್ ಹೇಳುತ್ತದೆ. ಒಟ್ಟಿನಲ್ಲಿ ತಡೆಯದೆ ಅಳತೆಯಿಲ್ಲ. ಎಂಜಿನ್ನಿನ ಪವರ್ ಹೇಳುವ ಬಿಎಚ್‌ಪಿಯ (ಬ್ರೇಕ್ ಹಾರ್ಸ್‌ಪವರ್) ‘ಬಿ’ ಕೂಡ ಬ್ರೇಕೇ ಅಲ್ವಾ? ಫ್ರಾನ್ಸಿನ ಪ್ರೋನಿ 1821ರಲ್ಲಿ ಮಾಡಿದ ಸಾಧನವನ್ನು ಇಂದಿಗೂ ಕರೆಯುವುದು ಪ್ರೋನಿ ಬ್ರೇಕ್ ಎಂದೇ.

ಇನ್ನು ‘ಶಕ್ತಿ’ಯ ಗೋಜಲು. ಶಾಲೆಯ ಪುಸ್ತಕದಲ್ಲಿ ಫೋರ್ಸ್‌ಗೆ ಬಲ, ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ. ಆದರೆ ಎಚ್‌ಪಿ ಬಂದಾಗ ಎಲ್ಲರೂ ಅಶ್ವಶಕ್ತಿ ಅನ್ನುತ್ತೇವೆ! ಪುಸ್ತಕದ ಪ್ರಕಾರ ಅಶ್ವಸಾಮರ್ಥ್ಯ ಆಗಬೇಕಿತ್ತು. ಯಾರ ಬಾಯಲ್ಲೂ ಅದು ಹೊರಳುವುದಿಲ್ಲ, ಬಿಡಿ. ರೈತರು ಸುಮ್ನೆ ‘ಐದು ಎಚ್‌ಪಿ ಮೋಟಾರು’ ಎಂದು ಮುಗಿಸುತ್ತಾರೆ.

‘ಡೈನಮೋ ಅಂದರೆ ಸೈಕಲ್ ದೀಪಕ್ಕೆ ಕರೆಂಟ್ ಕೊಡೋದು, ಇದು ಅದನ್ನು ಅಳೆಯೋ ಮೀಟರಾ?’ ಎಂದು ಹುಡುಗನೊಬ್ಬ ಕೇಳಿದ್ದ. ಒಳ್ಳೆಯ ಪ್ರಶ್ನೆ. ಆದರೆ ಡೈನಮೋಮೀಟರ್ ಎಂಬ ಹೆಸರೇ ಹಳೆಯದು. ರೆನ್ಯೇ ಎಂಬ ಫ್ರೆಂಚರು 1798ರ ಹೊತ್ತಿಗೇ ಮನುಷ್ಯರ, ಕುದುರೆಗಳ ಬಲ ನೋಡುವ ತಮ್ಮ ಸ್ಪ್ರಿಂಗ್ ಸಾಧನಕ್ಕೆ ಆ ಹೆಸರಿಟ್ಟಿದ್ದರು. ಆಗ ಕರೆಂಟ್ ಮಾಡುವ ಡೈನಮೋ ಇನ್ನೂ ಹುಟ್ಟಿರಲಿಲ್ಲ. ಎರಡಕ್ಕೂ ಬೇರು ಗ್ರೀಕಿನ ‘ಡ್ಯುನಮಿಸ್’, ಅದಕ್ಕೆ ಬಲ ಎಂದೂ ಶಕ್ತಿ ಎಂದೂ ಹೇಳಬಹುದು. ರೆನ್ಯೇ ಸಾಧನಕ್ಕಾದರೆ ‘ಬಲಮಾಪಕ’ ಸರಿಹೋಗುತ್ತದೆ. ಎಂಜಿನ್ನಿನದಕ್ಕೆ ನನ್ನ ಒಲವು ‘ತಡೆಮಾಪಕ’ದ ಕಡೆಗೆ. ಆದರೆ ತಡೆಯನ್ನೇ ಅಳೆಯುವುದು ಅಂದುಕೊಂಡಾರೇನೋ ಎಂಬ ಅಳುಕೂ ಇದೆ.

ಟಾರ್ಕ್‌ಗೆ ‘ತಿರುಗುಬಲ’ ಬರೆದಿದ್ದೇನೆ. ಅದೂ ಪೂರ್ತಿ ಸರಿಯಲ್ಲ. ಟಾರ್ಕ್ ಬರೀ ಬಲವಲ್ಲ, ಬಲ ಮತ್ತು ದೂರದ ಗುಣಲಬ್ಧ. ಗಟ್ಟಿಯಾದ ಬೋಲ್ಟಿಗೆ ಉದ್ದದ ಸ್ಪಾನರ್ ಹಾಕುವವರಿಗೆ ಇದು ಹೇಳದೆಯೇ ಗೊತ್ತು. ‘ತಿರುಪು’ ಎಂಬ ಹಳೆಯ ಪದವನ್ನೇ ಒಂಟಿಯಾಗಿ ಟಾರ್ಕ್‌ಗೆ ಬಳಸಬಹುದೇ? ಅಥವಾ ತಿರುಪುಮೊಳೆಯೇ ನೆನಪಾಗುತ್ತದೆಯೇ?

ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ ಗಾಡಿ ದಿಬ್ಬದಲ್ಲಿ ಚೆನ್ನಾಗಿ ಎಳೆಯುವುದಕ್ಕೆ ಏನನ್ನುತ್ತಾರೆ, ತಿಳಿಸಿ. ನಮ್ಮಲ್ಲಿ ಎಳೆಯದಿದ್ದರೆ ‘ದಮ್ಮಿಲ್ಲ’ ಅನ್ನುತ್ತಾರೆ. ಕೈಪಿಡಿಗೆ ‘ದಮ್ಮುಮಾಪಕ’ ಅಂತ ಹಾಕಿದರೆ ಹುಡುಗರು ಖುಷಿಪಡುತ್ತಾರೆ, ತಿದ್ದಿದವರು ಮಾತು ಬಿಡುತ್ತಾರೆ.