ಬೀದಿ ಕೊನೆಯ ಕಾಡು: ಬೇಲಿ ಬೇಕೇ, ಜೊತೆ ಬೇಕೇ?

ಸಿಡ್ನಿ, ಮಾರ್ಸ್‌ಫೀಲ್ಡ್–ಎಪ್ಪಿಂಗ್ ಕನ್ನಡ ಮನೆಗಳ ಗುಂಪು

ವೀಣಾ, ಭಾನುವಾರ ರಾತ್ರಿ 9:20
ಟಾರ್ಚ್ ಹಿಡಿದು ಬಂದವರಿಗೆ, ಫೋನ್ ಮಾಡುತ್ತಲೇ ಇದ್ದವರಿಗೆ ಒಬ್ಬೊಬ್ಬರಿಗೂ ಹೇಳೋಕೆ ಆಗಲಿಲ್ಲ, ಇಲ್ಲೇ ಹೇಳ್ತೀನಿ. ಕಾಡಲ್ಲಿ ದಾರಿ ತಪ್ಪಿದ್ದ ಅಪ್ಪ ಮನೆಗೆ ಬಂದಿದ್ದಾರೆ. ಮಂಡಿ ತರಚಿದೆ, ಬೇರೇನೂ ಇಲ್ಲ. ಸಾರನ್ನ ಉಂಡು ಮಲಗಿದ್ದಾರೆ.

ಮೂರೂ ಕಾಲಿಗೆ "ಒಂದು ರೌಂಡ್ ಹೋಗಿ ಬರ್ತೀನಿ" ಅಂತ ಹೊರಟರು. ಮೈಸೂರಲ್ಲಿ ದಿನಾ ಕುಕ್ಕರಹಳ್ಳಿ ಕೆರೆ ಸುತ್ತೋರು, ನಾನೂ ಹೂಂ ಅಂದೆ. ಬೀದಿ ಕೊನೆಯ ಒಳದಾರಿಯಲ್ಲಿ ಕಾಡಿಗೆ ಇಳಿದು ಲೇನ್ ಕೋವ್ ನದಿಯ ಬ್ರೌನ್ಸ್ ವಾಟರ್‌ಹೋಲ್ ತನಕ ಹೋಗಿದ್ದಾರೆ. ವಾಪಸ್ ಬರುವಾಗ ಒಳದಾರಿಯ ಬಾಯಿ ಸಿಕ್ಕಿಲ್ಲ. ಅದೇನು ಬೋರ್ಡ್ ಇರೋ ದಾರಿಯೇ, ನಾವು ನಾವೇ ತುಳಿದು ಮಾಡಿದ್ದು. ಸೂರ್ಯ ಇರೋ ಕಡೆ ಪಡುವಣ, ಮನೆ ಅದೇ ಕಡೆ ಅಂತ ಲೆಕ್ಕ ಹಾಕಿ ನಡೆದಿದ್ದಾರೆ. ಐದಕ್ಕೆಲ್ಲ ಕತ್ತಲು. ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಆಮೇಲೆ ನಡೆಯೋದು ನಿಲ್ಲಿಸಿ ಒಂದು ಬಂಡೆ ಮೇಲೆ ಕೂತಿದ್ದಾರೆ. ಆರೂವರೆಗೆ ಕಿರಣ್ ಕೂಗಿದ್ದು ಕೇಳಿ "ಓ" ಅಂದಿದ್ದಾರೆ.

ಜೂನ್‌ನಲ್ಲಿ ಇಲ್ಲಿ ಐದಕ್ಕೂ ಮೊದಲೇ ಸೂರ್ಯ ಮುಳುಗ್ತಾನೆ ಅನ್ನೋದನ್ನ ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಶುಭಾ, 9:31
ಅಬ್ಬಾ, ಈಗ ಉಸಿರು ಬಂತು ವೀಣಾ. ರಾತ್ರಿ ಒಂದು ಸಲ ಅವರ ಮೈ ನೋಡಿ, ಕಿವಿ ಹಿಂದೆ, ಕಂಕುಳು, ಸೊಂಟದ ಪಟ್ಟಿ. ರಕ್ತ ಹೀರೋ ಉಣುಗು ಕಚ್ಚಿಕೊಂಡಿದ್ದರೆ ಕೀಳಬೇಡಿ, ನನಗೆ ಫೋನ್ ಮಾಡಿ. ಎಷ್ಟು ಹೊತ್ತಾದರೂ ಸರಿ.

ರಘು, 9:48
ದೇವರ ದಯೆ. ಆದ್ರೆ ಇದನ್ನ ಇಲ್ಲಿಗೆ ಬಿಡಬಾರದು. ನಮ್ಮ ಬೀದಿಯಲ್ಲೇ ಈಗ ಐದು ಮನೆಗಳಲ್ಲಿ ಊರಿಂದ ಬಂದ ಹಿರಿಯರಿದ್ದಾರೆ. ಆ ಒಳದಾರಿ ಬಾಯಿಗೆ ಬೇಲಿ ಹಾಕಿಸಿ ಅಂತ ಕೌನ್ಸಿಲ್‌ಗೆ ಅರ್ಜಿ ಕೊಡೋಣ. ನಾನೇ ಬರೀತೀನಿ, ಎಲ್ಲರೂ ಸಹಿ ಮಾಡಿ.

ಸುಜಾತಾ, 9:55
ನನ್ನ ಸಹಿ ಇದೆ. ನಮ್ಮತ್ತೆಗೆ ಆ ಕಡೆ ಹೋಗಲೇಬೇಡಿ ಅಂತ ಮೊದಲೇ ಹೇಳಿದ್ದೀನಿ. ಹಾವು, ಜೇಡ ಎಲ್ಲ ಇರೋ ಜಾಗ.

ನಾಗರಾಜ್, 10:10
ರಘು, ಸುಜಾತಾ, ನಿಮ್ಮ ಕಳಕಳಿ ಅರ್ಥ ಆಗುತ್ತೆ. ಆದರೂ ನನ್ನ ಸಹಿ ಇಲ್ಲ. ಯಾಕೆ ಅಂತ ನಾಳೆ ಬರೀತೀನಿ. ಇವತ್ತು ಎಲ್ಲರೂ ಮಲಗಿ.

ನಾಗರಾಜ್, ಸೋಮವಾರ ಬೆಳಿಗ್ಗೆ 7:05
ನಾನು ಈ ಬೀದಿಗೆ ಬಂದು ಹದಿನೆಂಟು ವರ್ಷ ಆಯ್ತು. ನನ್ನ ತಾಯಿ ಇಲ್ಲಿ ಆರು ತಿಂಗಳು ಇದ್ದರು. ನಾವಿಬ್ಬರೂ ಆಫೀಸಿಗೆ, ಮಕ್ಕಳು ಸ್ಕೂಲಿಗೆ. ಅಮ್ಮ ಕಿಟಕಿ ಹತ್ತಿರ ಕೂತು ಖಾಲಿ ಬೀದಿ ನೋಡ್ತಾ ಇರೋರು. ಅವರನ್ನ ಮೊದಲ ಸಲ ಲೇನ್ ಕೋವ್ ನದಿ ದಡಕ್ಕೆ ಕರೆದುಕೊಂಡು ಹೋದಾಗ ಒಂದು ಮರ ಮುಟ್ಟಿ "ಇದು ನಮ್ಮ ಸರ್ವೆ ಮರ ಅಲ್ವೇನೋ" ಅಂದರು. ಹೌದು, ಅದೇ ಬಳಗದ್ದು. ನಮ್ಮ ಊರಲ್ಲಿ ಸರ್ವೆ, ನೀಲಗಿರಿ, ಕಾಫಿ ತೋಟದ ಸಿಲ್ವರ್ ಓಕ್ ಅಂತ ನೋಡ್ತೀವಲ್ಲ, ಅವುಗಳ ತವರು ಈ ಕಡೆಯೇ. ಆಮೇಲೆ ಕಾಡಂಚಿನಲ್ಲಿ ಲಂಟಾನ ಕಂಡು ಅಮ್ಮ ಬೈದರು, ಬಿಳಿಗಿರಿರಂಗನ ಬೆಟ್ಟದ ಕೆಳಗೆ ಅವರ ತವರಿನ ಹೊಲಕ್ಕೆ ನುಗ್ಗಿದ ಕಳೆ ಅದು. ಇಲ್ಲೂ ಅದು ಹೊರಗಿನಿಂದ ಬಂದ ಕಳೆಯೇ. ಆ ದಿನದಿಂದ ಅಮ್ಮನಿಗೆ ಮಾತಾಡೋಕೆ ವಿಷಯ ಸಿಕ್ಕಿತು, ನಾವು ಅಲ್ಲಿಗೆ ಹೋಗೋ ಬುಧವಾರ ಯಾವಾಗ ಬರುತ್ತೆ ಅಂತ ಕಾಯೋರು.

ನೂರು ಹೆಜ್ಜೆಯಲ್ಲಿ ಕಾಡು ಇಟ್ಟುಕೊಂಡು ಅದಕ್ಕೆ ಬೇಲಿ ಹಾಕಿಸಿದರೆ, ಹಿರಿಯರಿಗೆ ಆ ಕಿಟಕಿಯೇ ಗತಿ. ಆಗಬೇಕಾದ್ದು ಎರಡು. ಒಳದಾರಿಯನ್ನ ನಾವೇ ಬಿಡೋದು. ಸರಿಯಾದ ದಾರಿಯಲ್ಲಿ, ಜೊತೆಗೆ ಹೋಗೋದು.

ರಘು, 7:40
ನಾಗರಾಜಣ್ಣ, ನಿಮ್ಮ ಮಾತು ತಟ್ಟಿತು. ಆದ್ರೆ ಒಳದಾರಿ ಬಿಟ್ಟರೆ ಸುತ್ತಿಕೊಂಡು ಹೋಗೋಕೆ ಹದಿನೈದು ನಿಮಿಷ ಜಾಸ್ತಿ. ಯಾರು ಬಿಡ್ತಾರೆ ಹೇಳಿ?

ಕಿರಣ್, 8:15
ರಘು, ನಿನ್ನೆ ಅದೇ ಒಳದಾರಿಯಲ್ಲಿ ನಾನೂ ಟಾರ್ಚ್ ಹಿಡಿದು ಇಳಿದೆ. ಮಣ್ಣು ಕುಸಿದು ಬೇರು ಎದ್ದಿವೆ, ಎರಡು ಕಡೆ ನನಗೇ ಕಾಲು ಜಾರಿತು. ವರ್ಷದ ಮೇಲೆ ವರ್ಷ ನಾವು ತುಳಿದ ಗುರುತು ಅದು. ಅದೂ ಅಲ್ಲದೆ ಬೂಟಿನ ಮಣ್ಣಲ್ಲಿ ಬರೋ ಫೈಟೋಫ್ತೊರಾ ಅನ್ನೋ ರೋಗ ಇಲ್ಲಿನ ಗಿಡಗಳ ಬೇರನ್ನ ಕೊಳೆಸುತ್ತೆ. ದಾರಿ ಬಿಟ್ಟು ಹೋಗಬೇಡಿ, ಬೂಟು ಉಜ್ಜಿ ಹೋಗಿ ಅನ್ನೋದು ಅದಕ್ಕೇ.

ಇನ್ನೊಂದು ಗೊತ್ತಾ, ಅಂಕಲ್ ನಿನ್ನೆ ಹಿಡಿದದ್ದು ಗ್ರೇಟ್ ನಾರ್ತ್ ವಾಕ್ ದಾರಿ. ಅದು ಸಿಡ್ನಿಯಿಂದ ನ್ಯೂಕಾಸಲ್ ತನಕ 250 ಕಿ.ಮೀ. ಹೋಗುತ್ತೆ, 1988ರಲ್ಲಿ ಆಗಿದ್ದು. ಬೋರ್ಡ್ ಇದೆ ಅಂತ ನಂಬಿ ನಡೆದರೆ ಅದು ಮನೆಗೆ ತಲುಪಿಸಲ್ಲ. ಸೂರ್ಯನ ಲೆಕ್ಕವೂ ಅಷ್ಟೇ. ಇಲ್ಲಿ ಚಳಿಗಾಲದಲ್ಲಿ ಸೂರ್ಯ ಉತ್ತರದ ಕಡೆ ವಾಲಿಕೊಂಡೇ ಸಾಗ್ತಾನೆ, ನಾಲ್ಕು ಗಂಟೆಗೆ ಪಡುವಣದಲ್ಲಿರಲ್ಲ, ವಾಯವ್ಯದಲ್ಲಿರ್ತಾನೆ. ಅಂಕಲ್ ತಪ್ಪಿಲ್ಲ, ಊರಿನ ಆಕಾಶದ ಲೆಕ್ಕ ಇಲ್ಲಿ ಹೊಂದಲಿಲ್ಲ.

ಬಸವರಾಜ, 8:50
ನಮ್ಮ ಅವ್ವಾರು ಧಾರವಾಡದಿಂದ ಬಂದು ಮೂರು ವಾರ ಆತು, ಮಣಕಾಲು ಬ್ಯಾನಿ. ಮೆಟ್ಟಲಾ ಇದ್ರ ಆಗಂಗಿಲ್ಲ. ಅಂಥಾವ್ರಿಗೆ ದಾರಿ ಐತೇನ್ರಿ?

ಕಿರಣ್, 12:30
ಐತ್ರಿ ಬಸವರಾಜ! ಊಟದ ಬಿಡುವಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗಬಹುದು.

ಮೊದಲು ಗ್ರೇಡ್ ನೋಡೋದು ಕಲೀರಿ. ಇಲ್ಲಿ ದಾರಿಗಳಿಗೆ 1ರಿಂದ 5ರ ತನಕ ಗ್ರೇಡ್ ಇದೆ. 1 ಅಂದ್ರೆ ಸಮತಟ್ಟು, ಮೆಟ್ಟಿಲಿಲ್ಲ, ಯಾರಾದರೂ ತಳ್ಳಿದರೆ ಗಾಲಿಕುರ್ಚಿಯೂ ಹೋಗುತ್ತೆ. 2ರಲ್ಲಿ ಗಟ್ಟಿ ನೆಲ, ಸಣ್ಣ ಏರು, ಅಲ್ಲಲ್ಲಿ ಮೆಟ್ಟಿಲು. 3ಕ್ಕೆ ಹೋದರೆ ಒರಟು ನೆಲ, ಕಡಿದಾದ ತುಂಡುಗಳು, ತುಂಬಾ ಮೆಟ್ಟಿಲು. ಕಾಗದದಲ್ಲಿ "ಬರೀ 3 ಕಿ.ಮೀ." ಅಂತ ಇದ್ದರೂ ಗ್ರೇಡ್ 3 ಆದರೆ ಮಂಡಿ ನೋವಿನವರಿಗೆ ಬೇಡ. ದೂರಕ್ಕಿಂತ ಗ್ರೇಡ್ ಮುಖ್ಯ.

ಅವ್ವಾರಿಗೆ ನಾನು ಹೇಳೋದು ಕು-ರಿಂಗ್-ಗೈ ಚೇಸ್ ನ್ಯಾಷನಲ್ ಪಾರ್ಕ್. ಅಲ್ಲಿ ಕಲ್ಕಾರಿ ಕೇಂದ್ರದ ಪುಟ್ಟ ಸುತ್ತು ಇದೆ. ಕೆಳಗೆ ಬಾಬಿನ್ ಹೆಡ್‌ನಲ್ಲಿ ಮ್ಯಾಂಗ್ರೋವ್ ಮೇಲೆ ಹಲಗೆ ದಾರಿ, ಏಡಿಗಳು ಕೆಸರಲ್ಲಿ ಓಡಾಡೋದನ್ನ ನಿಂತು ನೋಡಬಹುದು. ಹಲಗೆ ದಾರಿ ಮುಗಿದಲ್ಲಿಂದ ತಿರುಗಿಬಿಡಿ, ಮುಂದೆ ದಾರಿ ಬೇರೆ ಥರ. ಕಾರಿಗೆ ಪ್ರವೇಶ ಶುಲ್ಕ ಇದೆ, ಒಂದೇ ಕಾರಲ್ಲಿ ನಾಲ್ಕು ಜನ ಹೋಗೋಣ.

ನಡೆಯೋ ಗಟ್ಟಿಗರಿಗೆ ರಾಯಲ್ ನ್ಯಾಷನಲ್ ಪಾರ್ಕ್‌ನ ಲೇಡಿ ಕ್ಯಾರಿಂಗ್ಟನ್ ಡ್ರೈವ್. ಹಿಂದೆ ಕುದುರೆಗಾಡಿ ಓಡ್ತಿದ್ದ ಅಗಲ ರಸ್ತೆ, ಈಗ ಕಾರಿಲ್ಲ, ಪಕ್ಕದಲ್ಲೇ ಹ್ಯಾಕಿಂಗ್ ನದಿ. ಒಟ್ಟು ಸುಮಾರು 10 ಕಿ.ಮೀ., ಆದರೆ ಎರಡು ಕಿ.ಮೀ. ಹೋಗಿ ವಾಪಸ್ ಬಂದರೂ ಮನಸ್ಸು ತುಂಬುತ್ತೆ. ಆ ಉದ್ಯಾನ 1879ರದ್ದು, ಅಮೆರಿಕದ ಯೆಲ್ಲೋಸ್ಟೋನ್ ಬಿಟ್ಟರೆ ಇಷ್ಟು ಹಳೆಯದು ಬೇರೆ ಇಲ್ಲ ಅಂತಾರೆ. ಅದು ನಗರದ ಆ ತುದಿ, ರಜಾ ದಿನಕ್ಕೆ ಇಟ್ಟುಕೊಳ್ಳೋಣ.

ಮನೆ ಹತ್ತಿರ ಅಂದ್ರೆ ವಿಮಿಯೆರಾ ರೋಡ್ ಕಡೆಯಿಂದ ಬ್ರೌನ್ಸ್ ವಾಟರ್‌ಹೋಲ್‌ಗೆ ಇಳಿಯೋ ಅಗಲ ದಾರಿ. ಇಳಿಜಾರಿದೆ, ವಾಪಸ್ ಬರುವಾಗ ಏದುಸಿರು ಬರುತ್ತೆ. ಸೈಕಲ್‌ನವರೂ ಬರ್ತಾರೆ, ಎಡಕ್ಕೆ ನಡೀಬೇಕು. ಮಳೆ ಬಿದ್ದ ಮೇಲೆ ನೀರು ದಾಟುಗಟ್ಟೆ ಮೇಲೇ ಹರಿಯುತ್ತೆ, ಆಗ ದಾಟೋ ಮಾತೇ ಬೇಡ.

ಸುಜಾತಾ, 1:10
ಕಿರಣ್, ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆದರೂ ಹಾವು, ಜೇಡ?

ಶುಭಾ, 1:35
ಸುಜಾತಾ, ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡೋಳಾಗಿ ಹೇಳ್ತೀನಿ. ಫನೆಲ್-ವೆಬ್ ಜೇಡಕ್ಕೆ 1981ರಿಂದ ಪ್ರತಿವಿಷ ಇದೆ, ಆಮೇಲೆ ಅದರಿಂದ ಸಾವು ಆಗಿಲ್ಲ. ಕೈಯನ್ನ ಬಂಡೆ ಸಂದಿಗೆ, ಮರದ ಪೊಟರೆಗೆ ಹಾಕದಿದ್ದರೆ ಸಾಕು. ಹಾವು ಕಂಡರೆ ನಿಂತು ದಾರಿ ಬಿಡಿ.

ನನಗೆ ಹೆಚ್ಚು ಯೋಚನೆ ಉಣುಗಿನದು. ಮಲೆನಾಡಿನವರಿಗೆ ಮಂಗನ ಕಾಯಿಲೆ ನೆನಪಿರುತ್ತೆ, ಉಣುಗು ಅಂದ್ರೆ ಏನು ಅಂತ ಹೇಳಿಕೊಡಬೇಕಿಲ್ಲ. ಆ ಕಾಯಿಲೆ ಇಲ್ಲಿಲ್ಲ. ಇಲ್ಲಿಯ ಉಣುಗಿನ ಕಡಿತದಿಂದ ಕೆಲವರಿಗೆ ಮಾಂಸದ ಅಲರ್ಜಿ ಶುರುವಾಗುತ್ತೆ. ನಾವು ಸಸ್ಯಾಹಾರಿಗಳು, ನಮಗೇನು ಅನ್ನಬೇಡಿ, ಅಂಥವರಲ್ಲಿ ಕೆಲವರಿಗೆ ಹಾಲೂ ಒಗ್ಗಲ್ಲ. ಚಿಮಟದಲ್ಲಿ ಹಿಸುಕಿ ಕಿತ್ತರೆ ಅದರ ಜೊಲ್ಲು ಮೈಗೆ ಸೇರುತ್ತೆ. ಫಾರ್ಮಸಿಯಲ್ಲಿ ಉಣುಗನ್ನ ಹೆಪ್ಪುಗಟ್ಟಿಸಿ ಕೊಲ್ಲೋ ಸ್ಪ್ರೇ ಸಿಗುತ್ತೆ, ಅದು ಹೊಡೆದು ತಾನಾಗಿ ಬೀಳೋಕೆ ಬಿಡಿ. ಸೀರೆ ಉಟ್ಟರೂ ಒಳಗೆ ಲೆಗ್ಗಿಂಗ್, ಮೇಲೆ ಸಾಕ್ಸ್. ಇಂಬಳಕ್ಕೆ ಉಪ್ಪಿನ ಪೊಟ್ಟಣ ನಾನು ತರ್ತೀನಿ.

ರಘು, ಸಂಜೆ 6:20
ಇವತ್ತು ಆಫೀಸಿಂದ ಬಂದವನು ಒಳದಾರಿ ಬಾಯಿ ಹತ್ತಿರ ಹೋಗಿ ನೋಡಿದೆ. ಕಿರಣ್ ಹೇಳಿದ್ದು ನಿಜ. ನಾನೂ ಎಷ್ಟು ವರ್ಷ ತುಳಿದಿದ್ದೀನಿ ಅಲ್ಲಿ. ಬೇಲಿ ಅರ್ಜಿ ಬಿಟ್ಟೆ. ಬದಲಿಗೆ ಒಂದು ಪತ್ರ ಬರೆದಿದ್ದೀನಿ, ನೋಡಿ:

"ನಮ್ಮ ಬೀದಿ ಕೊನೆಯಲ್ಲಿ ನಿವಾಸಿಗಳಾದ ನಾವೇ ಮಾಡಿಕೊಂಡ ಒಳದಾರಿಯಿಂದ ಮಣ್ಣು ಕುಸಿಯುತ್ತಿದೆ. ಹೊಸದಾಗಿ ಬಂದವರು ಅದನ್ನು ನಿಜವಾದ ದಾರಿ ಎಂದುಕೊಳ್ಳುತ್ತಿದ್ದಾರೆ. ನಾವು ಅದನ್ನು ಬಳಸುವುದು ನಿಲ್ಲಿಸುತ್ತೇವೆ. ಅಲ್ಲಿ ಸ್ಥಳೀಯ ಗಿಡಗಳನ್ನು ನೆಟ್ಟು ಮುಚ್ಚಲು ಅನುಮತಿ ಮತ್ತು ಮಾರ್ಗದರ್ಶನ ಬೇಕು. ಸರಿಯಾದ ದಾರಿ ಯಾವ ಕಡೆ ಎಂಬ ಸಣ್ಣ ಫಲಕವನ್ನೂ ಕೋರುತ್ತೇವೆ. ಕೆಲಸಕ್ಕೆ ಹನ್ನೊಂದು ಮನೆಯವರು ಬರುತ್ತೇವೆ."

ನಾಗರಾಜ್, 6:34
ರಘು, ಇದಕ್ಕೆ ಮೊದಲ ಸಹಿ ನನ್ನದು.

ಸುಜಾತಾ, 6:40
ನನ್ನದೂ. ಅತ್ತೆ ಕೇಳ್ತಿದ್ದಾರೆ, ಮೊದಲ ನಡಿಗೆ ಯಾವತ್ತು ಅಂತ.

ಕಿರಣ್, 7:15
ಶನಿವಾರ ಬೆಳಿಗ್ಗೆ 9:30, ಬಾಬಿನ್ ಹೆಡ್. ಎಲ್ಲರೂ ಮೊದಲು ನಾಗರಾಜಣ್ಣನ ಮನೆ ಮುಂದೆ ಸೇರೋದು. ಮುಂದೆ ನಾನು, ಹಿಂದೆ ಶುಭಾ, ಇಬ್ಬರ ನಡುವೆ ಎಲ್ಲರೂ. ಅತಿ ನಿಧಾನ ನಡೆಯೋರ ವೇಗವೇ ಎಲ್ಲರ ವೇಗ. ಅಪ್ಪ ಅಮ್ಮಂದಿರ ಫೋನಿಗೆ ಇಲ್ಲಿಯ ಸಿಮ್ ಹಾಕಿಸಿ, ಎಮರ್ಜೆನ್ಸಿ ಪ್ಲಸ್ ಆ್ಯಪ್ ಇಳಿಸಿಕೊಡಿ, ತುರ್ತು ನಂಬರ್ 000ಗೆ ಕರೆ ಮಾಡಿ ತಾವೆಲ್ಲಿದ್ದೀವಿ ಅಂತ ಆ್ಯಪ್ ನೋಡಿ ಓದಿ ಹೇಳೋದನ್ನ ಮನೆಯಲ್ಲಿ ಕೂತು ಕಲಿಸಿ. ಕರೆ ಮಾತ್ರ ಒತ್ತಬೇಡಿ. ಮಧ್ಯಾಹ್ನ ಎರಡಾದ ಮೇಲೆ ಒಂಟಿಯಾಗಿ ಕಾಡಿಗೆ ಇಳಿಯೋದು ಆಗಸ್ಟ್ ಮುಗಿಯೋ ತನಕ ಬೇಡ. ಟರ್ಕಿ ಹಕ್ಕಿ ಬುತ್ತಿ ಹತ್ತಿರ ಬಂದರೆ ಒಂದು ಕಾಳೂ ಹಾಕಬೇಡಿ.

ಬಸವರಾಜ, 7:22
ಅವ್ವಾರು ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡು ಬರ್ತಾರಂತ್ರಿ.

ವೀಣಾ, 8:05
ಅಪ್ಪ ಪಕ್ಕದಲ್ಲೇ ಕೂತು ಎಲ್ಲ ಓದಿಸಿಕೊಂಡರು. ಅವರು ಹೇಳಿದ್ದನ್ನ ಹಾಗೇ ಬರೀತೀನಿ: "ಶನಿವಾರ ಬರ್ತೀನಿ. ಆದರೆ ಅದಕ್ಕೂ ಮೊದಲು ಒಂದು ದಿನ ಬೆಳಿಗ್ಗೆ ಕಿರಣ್ ಬಿಡುವು ಮಾಡಿಕೊಂಡು ಆ ಬಂಡೆ ಹತ್ತಿರ ಕರೆದುಕೊಂಡು ಹೋಗಲಿ, ಸರಿಯಾದ ದಾರಿಯಲ್ಲೇ. ಕತ್ತಲಲ್ಲಿ ಕೂತಿದ್ದಾಗ ಕೆಳಗೆ ನೀರಿನ ಸದ್ದು ಕೇಳ್ತಿತ್ತು, ಬೆಳಕಲ್ಲಿ ನೋಡಬೇಕು. ನನ್ನ ಮಫ್ಲರ್ ಕೂಡ ಅಲ್ಲೇ ಇದೆ."

ಕಿರಣ್, 8:07
ಬುಧವಾರ 10 ಗಂಟೆಗೆ ಬರ್ತೀನಿ ಅಂಕಲ್. ಬೂಟು ಹಾಕಿಕೊಂಡಿರಿ.