ಉಪಗ್ರಹ ಸಂಪರ್ಕಕ್ಕೆ ತಾರಸಿಯ ಮೇಲೆ ಯಾವ ಆಂಟೆನಾ ನಿಲ್ಲಿಸಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು)

ಮಾನ್ಯರೇ, ನನಗೆ ಹವ್ಯಾಸಿ (ಹ್ಯಾಮ್) ರೇಡಿಯೋದ ರಿಸ್ಟ್ರಿಕ್ಟೆಡ್ ಗ್ರೇಡ್ ಪರವಾನಗಿ ಸಿಕ್ಕಿ ಎಂಟು ತಿಂಗಳಾಯಿತು. ಇದುವರೆಗೆ ಕೈಯಲ್ಲಿ ಹಿಡಿಯುವ ಸಣ್ಣ ಯಾಗಿಯಿಂದಲೇ (ಒಂದು ದಿಕ್ಕಿಗೆ ಗುರಿಯಿಡುವ ಆಂಟೆನಾ) ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ಸಿಗ್ನಲನ್ನು ಹಿಡಿದು ಮರಳಿ ಬಿತ್ತರಿಸುವ ಯಂತ್ರ) ಮೂಲಕ ಮಾತನಾಡುತ್ತಿದ್ದೇನೆ. ಈಗ ತಾರಸಿಯ ಮೇಲೆ ಶಾಶ್ವತವಾದ ಆಂಟೆನಾ ನಿಲ್ಲಿಸಬೇಕೆಂದಿದ್ದೇನೆ. ದಿಕ್ಕು ಮತ್ತು ಎತ್ತರ ಎರಡನ್ನೂ ತಿರುಗಿಸುವ ರೋಟೇಟರಿನ ಬೆಲೆ ನನ್ನ ಶಕ್ತಿಗೆ ಮೀರಿದ್ದು. ಎಲ್ಲ ದಿಕ್ಕಿನಿಂದಲೂ ಕೇಳುವ ಎಗ್‌ಬೀಟರ್ ಆಂಟೆನಾ ನಿಲ್ಲಿಸಿದರೆ ತಿರುಗಿಸುವ ಗೋಜೇ ಇಲ್ಲ ಎನ್ನುತ್ತಾರೆ. ಮನೆಯ ಪೂರ್ವಕ್ಕೆ ಚಾಮುಂಡಿ ಬೆಟ್ಟ ಅಡ್ಡವಿದೆ, ಕೇಬಲ್ 20 ಮೀಟರ್ ಬೇಕಾಗುತ್ತದೆ. ಅನುಭವಿಗಳು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಮಂಡ್ಯ)

ಇಸ್ರೋ 2005ರಲ್ಲಿ ಹಾರಿಸಿದ ಹವ್ಯಾಸಿ ರೇಡಿಯೋ ಉಪಗ್ರಹ ಹ್ಯಾಮ್‌ಸ್ಯಾಟ್‌ನ ಕಾಲದಿಂದ ಉಪಗ್ರಹಗಳನ್ನು ಕೇಳುತ್ತ ಬಂದವನಾಗಿ ಹೇಳುತ್ತೇನೆ, ಎರಡು ದಿಕ್ಕಿನ ರೋಟೇಟರ್ ನಿಮಗೆ ಅಗತ್ಯವಿಲ್ಲ. ನಿಲ್ದಾಣವು ನೆತ್ತಿಯ ಮೇಲಿದ್ದಾಗ ನಮ್ಮಿಂದ ಸುಮಾರು 420 ಕಿಲೋಮೀಟರ್ ದೂರದಲ್ಲಿರುತ್ತದೆ; ಅದೇ ದಿಗಂತದಲ್ಲಿದ್ದಾಗ ದೂರ 2,300 ಕಿಲೋಮೀಟರ್ ಆಗುತ್ತದೆ, ಅಂದರೆ ಸಿಗ್ನಲ್ ಸುಮಾರು 15 ಡಿಬಿಯಷ್ಟು (ಡೆಸಿಬಲ್; ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ) ಕುಗ್ಗಿರುತ್ತದೆ. ಆಂಟೆನಾದ ಬಲ ಬೇಕಾಗುವುದು ಉಪಗ್ರಹ ತಗ್ಗಿನಲ್ಲಿರುವಾಗ, ಮತ್ತು ಯಾವುದೇ ಹಾದುಹೋಗುವಿಕೆಯ ಬಹುಪಾಲು ಸಮಯವನ್ನು ಅದು ತಗ್ಗಿನಲ್ಲೇ ಕಳೆಯುತ್ತದೆ. ಎಗ್‌ಬೀಟರ್ ಸೋಲುವುದೂ ಅಲ್ಲಿಯೇ.

ಆದ್ದರಿಂದ ನಾವು ಕಳುಹಿಸುವ 145 ಮೆಗಾಹರ್ಟ್ಸ್ ಬ್ಯಾಂಡಿಗೆ ಮೂರು ಎಲಿಮೆಂಟ್ (ಅಡ್ಡಕಡ್ಡಿ), ಕೇಳುವ 435ರ ಬ್ಯಾಂಡಿಗೆ ಆರೇಳು ಎಲಿಮೆಂಟಿನ ಯಾಗಿಗಳನ್ನು 20ರಿಂದ 25 ಡಿಗ್ರಿ ಮೇಲ್ಮುಖವಾಗಿ ಓರೆಯಾಗಿಸಿ ಬಿಗಿದು, ದಿಕ್ಕು ಮಾತ್ರ ತಿರುಗಿಸುವ ಸಾಧಾರಣ ರೋಟೇಟರಿನ ಮೇಲೆ ಕೂರಿಸಿ. ಇಷ್ಟು ಚಿಕ್ಕ ಯಾಗಿಯ ಕಿರಣ ಅಗಲವಾಗಿರುವುದರಿಂದ ನೆತ್ತಿಯ ಹತ್ತಿರ ಒಂದೆರಡು ನಿಮಿಷ ಬಿಟ್ಟರೆ ಉಳಿದದ್ದೆಲ್ಲ ದಕ್ಕುತ್ತದೆ. ಬೆಟ್ಟದ ಚಿಂತೆ ಬಿಡಿ. ಅದು ಊರಿನ ನೆಲಕ್ಕಿಂತ ಸುಮಾರು 300 ಮೀಟರ್ ಎತ್ತರವಿದೆ, ನಾಲ್ಕೈದು ಕಿಲೋಮೀಟರ್ ದೂರದಿಂದ ಅದು ಮರೆಮಾಡುವುದು ನಾಲ್ಕು ಡಿಗ್ರಿಯಷ್ಟನ್ನೇ. ನಿಮ್ಮ ಮನೆಯ ಪಕ್ಕದ ತೆಂಗಿನ ಮರವೇ ಅದಕ್ಕಿಂತ ಹೆಚ್ಚು ಅಡ್ಡ ಬಂದೀತು.

ರೋಟೇಟರಿನಲ್ಲಿ ಉಳಿಸಿದ ಹಣವನ್ನು ಕೇಬಲಿಗೂ ಪ್ರಿಆಂಪ್‌ಗೂ (ಕ್ಷೀಣ ಸಿಗ್ನಲನ್ನು ವರ್ಧಿಸುವ ಉಪಕರಣ) ಹಾಕಿ. 435 ಮೆಗಾಹರ್ಟ್ಸ್‌ನಲ್ಲಿ 20 ಮೀಟರ್ ಆರ್‌ಜಿ-58 ಕೇಬಲ್ ಆರು ಡಿಬಿಗೂ ಹೆಚ್ಚು ನುಂಗುತ್ತದೆ. ಆಂಟೆನಾ ಹಿಡಿದ ಸಿಗ್ನಲಿನ ಕಾಲು ಭಾಗವೂ ರೇಡಿಯೋ ತಲುಪುವುದಿಲ್ಲ. ದಪ್ಪನೆಯ ಆರ್‌ಜಿ-213 ಆದರೂ ಅರ್ಧದಷ್ಟು ಹೋಗುತ್ತದೆ. ಪ್ರಿಆಂಪನ್ನು ರೇಡಿಯೋ ಪಕ್ಕದಲ್ಲಿಡದೆ ಕಂಬದ ಮೇಲೆ, ಆಂಟೆನಾದ ಬುಡದಲ್ಲೇ ಕೂರಿಸಬೇಕು, ಏಕೆಂದರೆ ಕೇಬಲಿನಲ್ಲಿ ಒಮ್ಮೆ ಗದ್ದಲದಲ್ಲಿ ಮುಳುಗಿದ್ದನ್ನು ಕೆಳಗೆ ಎಷ್ಟು ವರ್ಧಿಸಿದರೂ ಮೇಲೆತ್ತಲಾಗದು.

ಉತ್ತರ 2 (ಸರಸ್ವತಿಪುರಂ, ಮೈಸೂರು)

ಮಂಡ್ಯದ ಹಿರಿಯರ ಮಾತು ನಿಲ್ದಾಣದ ಮಟ್ಟಿಗೆ ಸರಿ. ಆದರೆ ಇನ್ನೊಂದು ಹವ್ಯಾಸಿ ರೇಡಿಯೋ ಉಪಗ್ರಹವಾದ ಆರ್‌ಎಸ್-44 1,200ರಿಂದ 1,500 ಕಿಲೋಮೀಟರ್ ಎತ್ತರದಲ್ಲಿದೆ. ಅದರ ಸಿಗ್ನಲ್ ಕ್ಷೀಣ, ಸಾಲದ್ದಕ್ಕೆ ಏರಿಳಿತ ಬೇರೆ. ಉಪಗ್ರಹ ತಿರುಗುತ್ತ ಹೋದಂತೆ ತರಂಗದ ಧ್ರುವೀಕರಣವೂ (ಅದು ಕಂಪಿಸುವ ದಿಕ್ಕು) ಬದಲಾಗುವುದರಿಂದ, ಒಂದೇ ಸಮತಲದ ಯಾಗಿಯಲ್ಲಿ ಕೇಳುತ್ತಿದ್ದ ಧ್ವನಿ ನಡುವೆ 20 ಡಿಬಿಯಷ್ಟು ಬಿದ್ದು ಮಾಯವಾಗಬಹುದು. 435ಕ್ಕೆ ಮಾತ್ರವಾದರೂ ಅಡ್ಡ-ಉದ್ದ ಎಲಿಮೆಂಟುಗಳಿರುವ ಕ್ರಾಸ್ ಯಾಗಿ ಹಾಕಿ, ವರ್ತುಲ ಧ್ರುವೀಕರಣಕ್ಕೆ ಜೋಡಿಸಿದರೆ ನಷ್ಟ ಹೆಚ್ಚುಕಡಿಮೆ ಮೂರು ಡಿಬಿಗೆ ನಿಲ್ಲುತ್ತದೆ. ಲೋಹದ ಅಡ್ಡಕಂಬವನ್ನು ಮಾತ್ರ ಎಲಿಮೆಂಟುಗಳ ನಡುವೆ ಹಾಯಿಸಬೇಡಿ. ಫೈಬರ್ ಪೈಪು ಬಳಸಿ.

ಪ್ರಶ್ನಿಸಿದವರಿಂದ

ಇಬ್ಬರಿಗೂ ಧನ್ಯವಾದಗಳು. ನಾನು 145ರಲ್ಲಿ ಮಾತನಾಡಲು ಒತ್ತಿದ ಕೂಡಲೇ 437ರ ಸಿಗ್ನಲ್ ಮಂಕಾಗುತ್ತದೆ. ಪ್ರಿಆಂಪ್ ಹಾಕಿದರೆ ಇದು ಹೆಚ್ಚಾಗದೇ?

ಉತ್ತರ 1 (ಮಂಡ್ಯ)

ಹೆಚ್ಚಾಗುತ್ತದೆ. ರೇಡಿಯೋ ತಾನು ಕಳುಹಿಸುವ ಆವರ್ತನದ ಮೂರು ಪಟ್ಟಿನಲ್ಲೂ ಅಷ್ಟಿಷ್ಟು ಹೊಮ್ಮಿಸುತ್ತದೆ; 145.990ರ ಮೂರು ಪಟ್ಟು 437.970, ನೀವು ಕೇಳುವ 437.800ರ ಪಕ್ಕದಲ್ಲೇ ಬಂದು ಕೂರುತ್ತದೆ. 145ರ ರೇಡಿಯೋದಿಂದ ಹೊರಡುವ ಕಡೆ ಮೇಲಿನ ಆವರ್ತನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರನ್ನೂ, ಪ್ರಿಆಂಪ್‌ನ ಮುಂದೆ 435ರ ಬ್ಯಾಂಡನ್ನಷ್ಟೇ ಒಳಬಿಡುವ ಬ್ಯಾಂಡ್-ಪಾಸ್ ಫಿಲ್ಟರನ್ನೂ ಹಾಕಿ, ಎರಡು ಯಾಗಿಗಳನ್ನು ಆದಷ್ಟು ದೂರ ಕಟ್ಟಿ.

ಇನ್ನೊಂದು ಮಾತು. ಕಳೆದ ಮಳೆಗಾಲದ ನಂತರ ನನ್ನ ಸಿಗ್ನಲ್ ದಿನೇ ದಿನೇ ಇಳಿಯುತ್ತಿತ್ತು. ಕಂಬದ ಮೇಲಿನ ಕನೆಕ್ಟರ್ ಬಿಚ್ಚಿದಾಗ ಹೆಣೆದ ತಾಮ್ರ ಹಸಿರುಗಟ್ಟಿ, ಬೆರಳಿಗೆ ಪುಡಿಯಾಗಿ ಉದುರಿತು. ಪ್ರತಿ ಕನೆಕ್ಟರಿಗೂ ರಬ್ಬರ್ ಟೇಪನ್ನು ಎಳೆದು ಸುತ್ತಿ, ಕೇಬಲ್ ಒಳಬರುವ ಮೊದಲು ಒಂದು ಸುತ್ತು ಕೆಳಗೆ ಇಳಿಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಶುರುವಾಗುವ ಮೊದಲೇ ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್ ಮಾಡಿಸಿ, ಅದನ್ನು ಮನೆಯ ಅರ್ಥಿಂಗಿಗೂ ಜೋಡಿಸಿ.