ಅಂಗನವಾಡಿಯಲ್ಲಿ ಹುತ್ತರಿ: ಡ್ಯಾನ್ಸ್ ಪ್ರಾಕ್ಟೀಸ್ ಬಿಟ್ಟು ಬೇರೆ ದಾರಿ ಉಂಟಾ?

ತೋಟದಂಚು ಕೇಳಿದ್ದು:

ಸುಂಟಿಕೊಪ್ಪ ಕಡೆಯ ಅಂಗನವಾಡಿ, ಸುತ್ತ ಕಾಫಿ ತೋಟ, ತೋಟದ ಕೂಲಿಯವರ ಲೈನ್ ಮನೆಗಳು. ದಾಖಲಾತಿ 24, ದಿನಾ ಬರುವವರು 18ರಿಂದ 20. ಮೂರು ತುಂಬಿದವರಿಂದ ಆರರವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಮಕ್ಕಳ ದಿನಾಚರಣೆ ನವೆಂಬರ್ 14ಕ್ಕೆ, ಅದರ ಬೆನ್ನಿಗೇ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ. ಬಾಲವಿಕಾಸ ಸಮಿತಿಯವರಿಗೆ ಸ್ಟೇಜು, ಮೈಕು, ಬಾಡಿಗೆ ಡ್ರೆಸ್ಸು, ಡ್ಯಾನ್ಸು ಎಲ್ಲಾ ಬೇಕು. ಅದಕ್ಕಾಗಿ ಅಕ್ಟೋಬರ್ ಕೊನೆಯಿಂದಲೇ ದಿನಾ ಒಂದು ಗಂಟೆ ಪ್ರಾಕ್ಟೀಸ್ ಶುರುವಾದರೆ ಚಿಲಿಪಿಲಿ (ಅಂಗನವಾಡಿಯ ಶಾಲಾಪೂರ್ವ ಪಠ್ಯ) ಚಟುವಟಿಕೆಗಳೆಲ್ಲ ನಿಂತುಹೋಗುತ್ತವೆ, ಮೂರು ವರ್ಷದವು ಅಳುತ್ತವೆ. ಹಬ್ಬ ಬೇಡ ಅಂತಲ್ಲ. ದಿನದ ಕಲಿಕೆ ಕೆಡದ ಹಾಗೆ ಮಾಡುವುದು ಹೇಗೆ? ಆ ದಿನ ಏನು ತಿಂಡಿ ಮಾಡಬಹುದು? ಅರ್ಧ ಮಕ್ಕಳಿಗೆ ಕನ್ನಡವೇ ಬರುವುದಿಲ್ಲ, ಅದಕ್ಕೂ ಏನಾದರೂ ಹೇಳಿ.

ಮಡಿಕೇರಿ ಮಂಜು ಉತ್ತರ:

ಎರಡು ಕಾರ್ಯಕ್ರಮ ಬೇಡ ಟೀಚರ್. 14ಕ್ಕೆ ಬರೀ ಆಟ ಇಟ್ಟುಕೊಳ್ಳಿ, ಅಪ್ಪ ಅಮ್ಮಂದಿರನ್ನು ಕರೆಯುವುದು ಹುತ್ತರಿಗೆ ಮಾತ್ರ. ಹುತ್ತರಿ ದಿನ, ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗಿ ಎಲ್ಲರಿಗೂ ಗೊತ್ತಾಗುತ್ತದೆ. ಅಲ್ಲಿಂದ ಮೂರು ವಾರ ಹಿಂದಕ್ಕೆ ಎಣಿಸಿ, ಅಷ್ಟೂ ದಿನಕ್ಕೆ ‘ಭತ್ತ’ ಅನ್ನುವುದೊಂದೇ ವಿಷಯ. ಮಕ್ಕಳು ಆ ಮೂರು ವಾರ ಮಾಡಿದ್ದನ್ನೇ ಹಬ್ಬದ ದಿನ ತೋರಿಸಲಿ, ಬೇರೆ ಪ್ರಾಕ್ಟೀಸ್ ಬೇಕಾಗುವುದಿಲ್ಲ.

ಮೊದಲು ಮೊಳಕೆ. ಎರಡು ಹಿಡಿ ಬಿತ್ತನೆ ಭತ್ತ ಸಾಕು. ಈಗ ತಾನೇ ಕೊಯ್ದ ಭತ್ತ ತರಬೇಡಿ, ಹೊಸ ಕಾಳು ಕೆಲವು ವಾರ ಮೊಳೆಯದೆ ಸುಮ್ಮನೆ ಕೂರುವುದುಂಟು. ಬಕೆಟ್ ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ಇದೇ ಒಂದು ದಿನದ ಪಾಠ. ತೇಲಿದ್ದನ್ನು ಮಕ್ಕಳೇ ಟೀ ಸೋಸುವ ಜರಡಿಯಲ್ಲಿ ತೆಗೆಯಲಿ. ಮುಳುಗಿದ್ದನ್ನು ಒಂದು ದಿನ ನೆನೆಸಿ, ನೀರು ಪೂರ್ತಿ ಬಸಿದು, ಹತ್ತಿ ಬಟ್ಟೆಯಲ್ಲಿ ಕಟ್ಟಿ ಗೋಣಿ ಕೆಳಗೆ ಇಡಿ. ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ನೀರು ಚಿಮುಕಿಸಿದರೆ ಸಾಕು. ಬಯಲುಸೀಮೆಯಲ್ಲಿ ಎರಡು ದಿನಕ್ಕೆ ಬರುವ ಮೊಳಕೆ ನಮ್ಮ ನವೆಂಬರ್ ಚಳಿಗೆ ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತದೆ, ಅಡುಗೆ ಕೋಣೆಯ ಮೂಲೆಯಲ್ಲಿಟ್ಟರೆ ಬೇಗ. ಗಂಟಿನಿಂದ ಹುಳಿ ವಾಸನೆ ಬಂದರೆ ನೀರು ನಿಂತಿದೆ ಅಂತ ಅರ್ಥ, ಬಿಸಾಕಿ ಹೊಸದು ಕಟ್ಟಿ.

ಮೊಳೆತದ್ದನ್ನು ತೆಂಗಿನ ಚಿಪ್ಪಿಗೆ ಹಾಕಬೇಕು. ತಳದ ಕಣ್ಣು ತೂತು ಮಾಡಿ, ಮುಕ್ಕಾಲು ಭಾಗ ಮಣ್ಣು ತುಂಬಿ, ಒಬ್ಬೊಬ್ಬರಿಗೆ ಒಂದೊಂದು ಚಿಪ್ಪು, ಮೇಲೆ ಮಗುವಿನ ಗುರುತಿನ ಚಿತ್ರ. ಹತ್ತು ಹನ್ನೆರಡು ದಿನಕ್ಕೆ ಬೆರಳುದ್ದ ಪೈರು ಬರುತ್ತದೆ. ಎಲ್ಲರೂ ದಿನಾ ಬೆರಳು ಹಾಕಿ ಕೆದಕಿಯೇ ಕೆದಕುತ್ತಾರೆ, ಬೈದು ಪ್ರಯೋಜನವಿಲ್ಲ. ಕೆದಕಲಿಕ್ಕೆ ಅಂತಲೇ ಎರಡು ಚಿಪ್ಪು ಹೆಚ್ಚಿಗೆ ಇಡಿ. ರಾತ್ರಿ ಇಲಿಗೆ, ಹಗಲು ಕೋಳಿಗೆ ಸಿಗದ ಹಾಗೆ ಬುಟ್ಟಿ ಕವುಚಿಡಿ.

ಅಳತೆ ಹೀಗೆ: ಎರಡು ದಿನಕ್ಕೊಮ್ಮೆ ಪೈರಿನ ಪಕ್ಕ ಹಿಡಿಸೂಡಿ (ಪೊರಕೆ) ಕಡ್ಡಿ ನಿಲ್ಲಿಸಿ, ಅದರ ಎತ್ತರಕ್ಕೆ ಸರಿಯಾಗಿ ಮುರಿದು, ಹಳೇ ಕ್ಯಾಲೆಂಡರಿನ ಹಿಂಬದಿಗೆ ಸಾಲಾಗಿ ಅಂಟಿಸಿ. ಆರು ಕಡ್ಡಿ ಆಗುವಷ್ಟರಲ್ಲಿ ಗಿಡ್ಡ, ಉದ್ದ, ಇನ್ನೂ ಉದ್ದ ಅನ್ನುವುದು ಐದು ವರ್ಷದವರ ಬಾಯಲ್ಲಿ ತಾನಾಗಿ ಬರುತ್ತದೆ. ಸ್ಕೇಲಿನ ಅಗತ್ಯವೇ ಇಲ್ಲ.

ಒಂದೇ ಕೋಣೆಯಲ್ಲಿ ಮೂರು ವಯಸ್ಸು ಇದ್ದರೆ ಮೂರು ಪಾಠ ಮಾಡಲು ಹೋಗಬೇಡಿ. ಬುಟ್ಟಿ ಒಂದೇ, ಕೆಲಸ ಮೂರು. ಎಲೆ ಬುಟ್ಟಿಯಲ್ಲಿ ಕಾಫಿ, ಕಾಳುಮೆಣಸು, ಹಾಲುವಾಣ, ಸಿಲ್ವರ್ ಓಕ್ ಎಲೆ ಇರಲಿ. ಚಿಕ್ಕವರು ಎರಡು ಬಗೆ ಮಾತ್ರ ಬೇರೆ ಮಾಡಲಿ. ನಾಲ್ಕು ವರ್ಷದವರು ನಾಲ್ಕು ಗುಂಪು ಮಾಡಿ ಯಾವುದು ಹೆಚ್ಚು ಎಂದು ಹೇಳಲಿ. ದೊಡ್ಡವರು ಕಾಫಿ, ಮೆಣಸು, ಕಾಫಿ, ಮೆಣಸು ಅಂತ ಸಾಲು ಜೋಡಿಸಿ ಮುಂದಿನದು ಏನು ಎಂದು ಊಹಿಸಲಿ. ಸಿಲ್ವರ್ ಓಕ್ ಎಲೆಯ ಅಡಿ ಬೆಳ್ಳಿ ಬಣ್ಣ, ಕಾಗದದ ಕೆಳಗಿಟ್ಟು ಕ್ರೆಯಾನ್ ಉಜ್ಜಿದರೆ ಅಚ್ಚು ಚೆಂದ ಬೀಳುತ್ತದೆ. ಹಾಲುವಾಣದ ರೆಂಬೆಗೆ ಮುಳ್ಳು, ಎಲೆ ಮಾತ್ರ ತನ್ನಿ. ಹುತ್ತರಿಗೆ ‘ನೆರೆ’ (ಎಲೆಗಳ ಕಟ್ಟು) ಕಟ್ಟುವ ಐದು ಬಗೆಯ ಎಲೆಯನ್ನು ಊರಿನ ಹಿರಿಯರೊಬ್ಬರನ್ನು ಕರೆಸಿ ತೋರಿಸಿದರೆ ಐದರವರೆಗಿನ ಎಣಿಕೆಯೂ ಅದರಲ್ಲೇ ಆಯಿತು.

ಹಬ್ಬದ ದಿನ 40 ನಿಮಿಷ ಮೀರಬೇಡಿ. ಸ್ಟೇಜ್ ಬೇಡವೇ ಬೇಡ. ನೆಲದಲ್ಲಿ ಹಗ್ಗದಿಂದ ದೊಡ್ಡ ಸುತ್ತು ಮಾಡಿ, ಮಕ್ಕಳು ಒಳಗೆ, ಮನೆಯವರು ಹೊರಗೆ ಕೂರಲಿ. ಮೊದಲ ಹತ್ತು ನಿಮಿಷ ಪ್ರತಿ ಮಗು ತನ್ನ ಚಿಪ್ಪನ್ನು ಮನೆಯವರಿಗೆ ತೋರಿಸುತ್ತದೆ. ಆಮೇಲೆ ಎಲ್ಲರೂ ಸೇರಿ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಕದಿರನ್ನು (ಭತ್ತದ ತೆನೆ) ಬಾಗಿಲಿಗೆ ಕಟ್ಟುವುದು, ದಿನಾ ಹಾಡುವ ಎರಡು ಅಭಿನಯ ಗೀತೆ, ಕೊನೆಗೆ ತಂಬುಟ್ಟು (ಹುರಿದ ಅಕ್ಕಿ ಪುಡಿ, ಬಾಳೆಹಣ್ಣಿನ ಸಿಹಿ) ಕಲಸಿ ತಿನ್ನುವುದು. ಕದಿರು ಕೊಯ್ಯುವ ಕತ್ತಿ ದೊಡ್ಡವರ ಕೈಯಲ್ಲೇ ಇರಲಿ. ಭತ್ತದ ಮುಳ್ಳು, ಧೂಳು ಕಣ್ಣಿಗೆ ಹೋಗುತ್ತದೆ, ಒಳಗೆ ತರುವ ಮೊದಲು ಕದಿರನ್ನು ಹೊರಗೆ ಕೊಡವಿ.

ಕೋಲಾಟ ಬೇಕೇ ಬೇಕೆಂದರೆ ಕೋಲು 20ರಿಂದ 25 ಸೆಂಟಿಮೀಟರ್, ಹಗುರ ಮರದ್ದು, ತುದಿ ಉಜ್ಜಿ ಗುಂಡಗೆ ಮಾಡಿದ್ದು. ಬಿದಿರು ಸೀಳಿದರೆ ಸಿಬಿರು ಚುಚ್ಚುತ್ತದೆ. ಮೂರು ವರ್ಷದವರಿಗೆ ಕೋಲು ಕೊಡಬೇಡಿ, ಚಪ್ಪಾಳೆ ಸಾಕು.

ಹಳೇ ರಿಜಿಸ್ಟರ್ ಉತ್ತರ:

ಮಂಜು ಹೇಳಿದ್ದು ಸರಿ, ಆದರೆ ಡ್ಯಾನ್ಸ್ ಪೂರ್ತಿ ತೆಗೆಯಬೇಕೆಂದಿಲ್ಲ. ಮುಂದಿನ ವರ್ಷ ಒಂದನೇ ಕ್ಲಾಸಿಗೆ ಹೋಗುವವರಿಗೆ ಕುಣಿಯುವುದು ಇಷ್ಟ. ಆ ನಾಲ್ಕೈದು ಮಕ್ಕಳು ಮಾತ್ರ, ಎರಡು ನಿಮಿಷ, ದಿನದ ಆಟದ ಹೊತ್ತಿನಲ್ಲೇ ಕಲಿತದ್ದು, ಡ್ರೆಸ್ಸು ಮನೆಯದೇ. ಸಮಿತಿಯವರಿಗೂ ಸಮಾಧಾನ. ಒಬ್ಬ ಕುಣಿಯದೆ ನಿಂತರೆ ನಿಲ್ಲಲಿ, ಹಿಂದಿನಿಂದ ಕೈ ಹಿಡಿದು ಕುಣಿಸುವುದು ಬೇಡ.

ಎಣಿಕೆಗೆ, ಅಲಂಕಾರಕ್ಕೆ ಏನು ತರುತ್ತೀರಿ ಅನ್ನುವುದರ ಮೇಲೆ ಕಣ್ಣಿಡಿ. ಗುಲಗಂಜಿ ಚೆಂದ ಕಾಣುತ್ತದೆಂದು ತರುವವರು ಇನ್ನೂ ಇದ್ದಾರೆ. ಅದು ವಿಷ, ಒಡೆದ ಅಥವಾ ಜಗಿದ ಕಾಳು ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಹರಳು ಬೀಜವೂ ಹಾಗೆಯೇ. ಕಾಫಿ ಬೀಜ, ಬಟಾಣಿ, ಮಣಿ ಮೂಗಿಗೆ ಕಿವಿಗೆ ಹೋಗುತ್ತವೆ. 3 ಸೆಂಟಿಮೀಟರ್‌ಗಿಂತ ಚಿಕ್ಕದು ಯಾವುದೂ ಚಿಕ್ಕವರ ಕೈಗೆ ಬೇಡ. ಸಿಪ್ಪೆ ಸಮೇತ ಒಣ ಅಡಿಕೆ, ದೊಡ್ಡ ಬಾಟಲಿ ಮುಚ್ಚಳ, ನದಿಯ ದೊಡ್ಡ ಕಲ್ಲು ಆಗುತ್ತದೆ. ಬಲೂನಿನ ಹರಿದ ಚೂರು ಗಂಟಲಿಗೆ ಅಂಟಿಕೊಂಡರೆ ತೆಗೆಯುವುದು ಕಷ್ಟ, ಹಾಗಾಗಿ ಬಲೂನ್ ಬದಲು ತೆಂಗಿನ ಗರಿ, ಸೇವಂತಿಗೆ. ವೇಷದ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಇಡಬಾರದು, ಮಕ್ಕಳಿಗೆ ಅದು ಪೆಪ್ಪರ್‌ಮಿಂಟ್ ಥರವೇ ಕಾಣುವುದು.

ಹುತ್ತರಿಗೆ ಕೋವಿ ಹಾರಿಸುವ ಕಡೆ ಇದ್ದರೆ ಹಿಂದಿನ ದಿನವೇ ಮಕ್ಕಳಿಗೆ ಹೇಳಿಡಿ. ಕೇಂದ್ರದ ಹತ್ತಿರ ಪಟಾಕಿ ಬೇಡ. ಮೈಕೂ ಬೇಡ, 20 ಮಕ್ಕಳ ಕೋಣೆಗೆ ಅದು ಗದ್ದಲ ಮಾತ್ರ.

ತೋಟದಂಚು:

ಇಬ್ಬರಿಗೂ ಥ್ಯಾಂಕ್ಸ್. ತಂಬುಟ್ಟಿಗೆ ಅಳತೆ ಯಾರಾದರೂ ಕೊಡಿ, 20 ಮಕ್ಕಳು, ಜೊತೆಗೆ ಮನೆಯವರು. ಇನ್ನೊಂದು, ಮಳೆಗಾಲ ಮುಗಿದರೂ ಗೋಡೆ ಥಂಡಿ ಆರಿಲ್ಲ, ಹಾಕಿದ ಚಾರ್ಟೆಲ್ಲ ಬೂಷ್ಟು ಹಿಡಿದಿದೆ.

ಒಲೆ ಮುಂದೆ ಉತ್ತರ:

ಮಕ್ಕಳಿಗೆ ಒಂದೊಂದು ಸಣ್ಣ ಬಟ್ಟಲು, ದೊಡ್ಡವರಿಗೆ ರುಚಿಗೆ ಅಂದರೆ: ಸುಲಿದ ಬಾಳೆಹಣ್ಣು ಒಂದೂವರೆ ಕಿಲೋ, ತಂಬುಟ್ಟು ಪುಡಿ 450 ಗ್ರಾಂ, ಒಂದು ತೆಂಗಿನಕಾಯಿಯ ತುರಿ, ತುಪ್ಪ 50 ಗ್ರಾಂ, ಹುರಿದ ಎಳ್ಳು ಎರಡು ಚಮಚ. ಹಣ್ಣು ಸಿಹಿ ಇದ್ದರೆ ಬೆಲ್ಲ ಬೇಡ. ನೀರು ಒಂದು ಹನಿಯೂ ಬೇಡ.

ಪುಡಿಗೆ ಕುಸುಬಲಕ್ಕಿಯನ್ನು ಸ್ವಲ್ಪ ಸ್ವಲ್ಪವೇ ದಪ್ಪ ಬಾಣಲೆಯಲ್ಲಿ ಕಂದು ಬಣ್ಣ ಬಂದು ಚಟಚಟ ಅನ್ನುವವರೆಗೆ ಹುರಿಯಬೇಕು, ಕೊನೆಗೆ ನಾಲ್ಕು ಕಾಳು ಮೆಂತ್ಯ, ಎರಡು ಏಲಕ್ಕಿ. ಒಂದೇ ಸಲ ಎಲ್ಲಾ ಸುರಿದರೆ ಕೆಳಗಿನದು ಕರಟಿ ಮೇಲಿನದು ಹಸಿ ಉಳಿಯುತ್ತದೆ. ಪುಡಿ ನುಣ್ಣಗಿರಲಿ, ತರಿ ಇದ್ದರೆ ಮಕ್ಕಳು ಉಗುಳುತ್ತಾರೆ. ಮಿಲ್ಲಿಗೆ ಕೊಡುವುದಾದರೆ ಅದಕ್ಕೆ ಮೊದಲು ಮೆಣಸಿನ ಪುಡಿ ಮಾಡಿದ್ದಾರಾ ಕೇಳಿ, ಬಾಯಿ ಉರಿದು ಹಬ್ಬ ಹಾಳಾಗುತ್ತದೆ.

ಹಣ್ಣಿನ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿರಬೇಕು. ಅರೆಹಣ್ಣಾದರೆ ಒಗರು, ಹಿಸುಕಲಿಕ್ಕೂ ಬರುವುದಿಲ್ಲ. ಗೊನೆ ನಾಲ್ಕೈದು ದಿನ ಮೊದಲೇ ತಂದು ಗೋಣಿಯಲ್ಲಿ ಮುಚ್ಚಿಡಿ, ಚಳಿಗೆ ನಿಧಾನ ಹಣ್ಣಾಗುತ್ತದೆ. ನಾಲ್ಕು ಮಕ್ಕಳಿಗೆ ಒಂದು ಅಗಲ ಪಾತ್ರೆ ಕೊಟ್ಟರೆ ಹಿಸುಕುವ ಕೆಲಸ ಅವರದೇ, ಬೆಂಕಿ ಬೇಕಿಲ್ಲ. ಸೋಪು ಹಾಕಿ ಕೈ ತೊಳೆಸಿ, ಉಗುರು ಹಿಂದಿನ ದಿನವೇ ಕತ್ತರಿಸಿರಲಿ. ಪುಡಿ ಹಾಕುವುದು ತಿನ್ನುವ ಹತ್ತು ನಿಮಿಷ ಮೊದಲು. ಬೇಗ ಹಾಕಿಟ್ಟರೆ ಅದು ಹಣ್ಣಿನ ನೀರನ್ನೆಲ್ಲ ಎಳೆದುಕೊಂಡು ಗಟ್ಟಿಯಾಗುತ್ತದೆ.

ಇದು ಊಟದ ಬದಲಿಗೆ ಅಲ್ಲ, ಅವತ್ತಿನ ಬಿಸಿಯೂಟ ಎಂದಿನಂತೆ ಇರಲಿ. ಹಾಲು ಕೊಡುವುದಾದರೆ ಹಾಲಿನ ಪುಡಿಯನ್ನು ಮೊದಲು ಉಗುರುಬೆಚ್ಚಗಿನ ನೀರಲ್ಲಿ ಪೇಸ್ಟ್ ಮಾಡಿಕೊಂಡು ಆಮೇಲೆ ಉಳಿದ ನೀರು ಸೇರಿಸಿ ಕಾಯಿಸಿ. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟು ಗಂಟು. ಮೊಟ್ಟೆ ಚಿಕ್ಕವರಿಗೆ ನಾಲ್ಕು ಭಾಗ ಮಾಡಿ. ಯಾರಾದರೂ ಚಿಕ್ಕಿ, ಗಟ್ಟಿ ಟಾಫಿ ತಂದುಕೊಟ್ಟರೆ ಮನೆಗೆ ಕಳಿಸುವಾಗ ಅಮ್ಮಂದಿರ ಕೈಗೆ ಕೊಡಿ, ಅಲ್ಲಿ ಓಡಾಡುತ್ತಾ ತಿನ್ನುವುದು ಬೇಡ.

ಚಾರ್ಟ್ ಬಗ್ಗೆ: ಹೊರಗೋಡೆಗೆ ಅಂಟಿಸಬೇಡಿ. ಕೋಣೆಯೊಳಗೆ ಹಗ್ಗ ಕಟ್ಟಿ, ಗೋಡೆಯಿಂದ ಒಂದು ಗೇಣು ದೂರ, ಮಕ್ಕಳ ಕಣ್ಣಿನ ಎತ್ತರಕ್ಕೆ ಕ್ಲಿಪ್ಪಿನಲ್ಲಿ ತೂಗುಹಾಕಿ. ಲ್ಯಾಮಿನೇಷನ್ ಮಾಡಿಸಿದರೆ ಅಂಚಿಗೆ ಸರಿಯಾಗಿ ಕತ್ತರಿಸದೆ ಸುತ್ತ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಬಿಡಿಸಿ, ಇಲ್ಲದಿದ್ದರೆ ತೇವ ಒಳಗೆ ನುಗ್ಗುತ್ತದೆ.

ಐದು ಭಾಷೆ ಅಂಗಳ ಉತ್ತರ:

ಭಾಷೆಯ ವಿಷಯಕ್ಕೆ ಯಾರೂ ಬರಲಿಲ್ಲ. ಲೈನ್ ಮನೆ ಮಕ್ಕಳೆಂದರೆ ಎರವ, ತಮಿಳು, ಮಲಯಾಳಂ, ತುಳು, ಈಚೆಗೆ ಅಸ್ಸಾಮಿ, ಬಂಗಾಳಿ. ಕೊಡವ ತಕ್ಕ್, ಅರೆಭಾಷೆ ಇದ್ದೇ ಇದೆ. ಮಗು ಸೇರುವ ದಿನವೇ ಅಮ್ಮನ ಬಾಯಿಂದ ಹತ್ತು ಮಾತು ಕೇಳಿ ಕನ್ನಡ ಲಿಪಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ: ನೀರು, ಹಸಿವು, ಉಚ್ಚೆ, ಕಕ್ಕ, ನೋವು, ನಿದ್ದೆ, ಸಾಕು, ಬಾ, ಅಮ್ಮ ಬರುತ್ತಾಳೆ, ಹೆದರಬೇಡ. ನೀರಿಗೆ ಮಲಯಾಳಂ ಮಗು ವೆಳ್ಳಂ ಅನ್ನುತ್ತದೆ, ಅಸ್ಸಾಮಿ ಮಗು ಪಾನಿ, ಬಂಗಾಳಿ ಮನೆಗಳಲ್ಲಿ ಕೆಲವರು ಜೊಲ್, ಕೆಲವರು ಪಾನಿ. ಸಹಾಯಕಿಗೂ ಈ ಪಟ್ಟಿ ಬಾಯಿಗೆ ಬರಬೇಕು, ಶೌಚಕ್ಕೆ ಕರೆದುಕೊಂಡು ಹೋಗುವವರು ಅವರೇ ತಾನೇ.

ಕನ್ನಡವನ್ನು ಕೆಲಸದ ಜೊತೆ ಸೇರಿಸಿ. ‘ಹಾಕು, ತೆಗೆ, ಸುರಿ, ಕಟ್ಟು’ ಎಂದು ಕೈ ಮಾಡಿ ತೋರಿಸುತ್ತಾ ಹೇಳಿದರೆ ಭತ್ತದ ಪಾಠದಲ್ಲೇ ಇಪ್ಪತ್ತು ಕ್ರಿಯಾಪದ ಸಿಗುತ್ತದೆ. ಅಕ್ಷರ ತಿದ್ದಿಸುವ ಅವಸರ ಬೇಡ. ಒಂದೆರಡು ತಿಂಗಳು ಮಾತೇ ಆಡದೆ ನೋಡುತ್ತಾ ಕೂರುವ ಮಗು ಕಿವಿಯಲ್ಲಿ ಕಲಿಯುತ್ತಿರುತ್ತದೆ. ಹೇಳಿದ ಕೆಲಸ ಮಾಡುತ್ತದೆಯೇ ನೋಡಿ. ಮಾಡುತ್ತಿದ್ದರೆ ಚಿಂತೆಯಿಲ್ಲ. ಕರೆದರೂ ತಿರುಗದಿದ್ದರೆ, ಅದರ ಮನೆಭಾಷೆಯಲ್ಲಿ ಹೇಳಿದರೂ ಗಮನ ಕೊಡದಿದ್ದರೆ ಆಗ ಕಿವಿ ಪರೀಕ್ಷೆಗೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಹುತ್ತರಿ ಎಲ್ಲ ಮನೆಯವರ ಹಬ್ಬ ಅಲ್ಲವಲ್ಲ. ಪೂಜೆಯನ್ನು ಅವರವರ ಮನೆಗೆ ಬಿಟ್ಟು, ಇಲ್ಲಿ ಕದಿರು, ಹಾಡು, ತಿಂಡಿ ಇಟ್ಟುಕೊಂಡರೆ ಯಾರಿಗೂ ಮುಜುಗರವಿಲ್ಲ. ಅಸ್ಸಾಂನವರಿಗೆ ಬಿಹು, ತಮಿಳರಿಗೆ ಪೊಂಗಲ್, ಅವೂ ಜನವರಿಯಲ್ಲಿ ಬರುವ ಕೊಯ್ಲಿನ ಹಬ್ಬಗಳೇ. ಆಗ ಆ ಮನೆಯ ಅಮ್ಮಂದಿರನ್ನು ಕರೆಯಿರಿ.

ಸಮಯ ಮುಖ್ಯ. ಕಾಫಿ ಕೊಯ್ಲು ಶುರುವಾದರೆ ಬೆಳಿಗ್ಗೆ 11ಕ್ಕೆ ಯಾರೂ ಬರುವುದಿಲ್ಲ, ಕೂಲಿ ಹೋಗುತ್ತದೆ. ಸಂತೆ ದಿನವೂ ಬೇಡ. ತೋಟದ ರೈಟರ್ (ಕೂಲಿಯ ಲೆಕ್ಕ ನೋಡುವವರು) ಹತ್ತಿರ ವಾರ ಮೊದಲೇ ಮಾತಾಡಿ, ಸಂಜೆ ಮೂರರ ಮೇಲೆ ಒಂದು ಗಂಟೆ ಬಿಡಿಸಿ. ಕಾಫಿ ಇನ್ನೂ ಹರಡಿಲ್ಲದಿದ್ದರೆ ಕಣವನ್ನೇ ಕೇಳಿ, ಸಿಮೆಂಟ್ ನೆಲ, ಸುತ್ತು ಹಾಕಲು ಜಾಗ ಧಾರಾಳ. ಆನೆ ಓಡಾಡುವ ಕಡೆಯಾದರೆ ಐದಕ್ಕೆ ಮೊದಲು ಎಲ್ಲರೂ ಮನೆ ಸೇರುವ ಹಾಗೆ ಮುಗಿಸಿ.

ಹಳೇ ರಿಜಿಸ್ಟರ್:

ಬಿಟ್ಟುಹೋದದ್ದು ಎರಡು. ಆರು ತಿಂಗಳು ತುಂಬಿದ ಕೂಸು ಯಾವುದಾದರೂ ಇದ್ದರೆ ಅನ್ನಪ್ರಾಶನವನ್ನೂ ಅವತ್ತೇ ಸೇರಿಸಿ, ಪೋಷಣ್ ಅಭಿಯಾನದ ಸಮುದಾಯ ಕಾರ್ಯಕ್ರಮದ ಲೆಕ್ಕಕ್ಕೂ ಬರುತ್ತದೆ. ಕೂಸಿಗೆ ತಂಬುಟ್ಟು ಅಲ್ಲ, ನುಣ್ಣಗೆ ಹಿಸುಕಿದ ಅನ್ನ ಬೇಳೆ. ಜೇನು ನೆಕ್ಕಿಸಲು ಬಿಡಬೇಡಿ, ಒಂದು ವರ್ಷದೊಳಗೆ ಜೇನು ಕೊಡಬಾರದು.

ಯಾರೇ ಗೊನೆ, ತೆಂಗಿನಕಾಯಿ, ದುಡ್ಡು ಕೊಟ್ಟರೂ ಅವತ್ತೇ ಸಮಿತಿಯ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಫೋಟೋ ಗ್ರೂಪಿಗೆ ಹಾಕುವ ಮೊದಲು ಮನೆಯವರನ್ನು ಕೇಳಿ. ಮುಖಕ್ಕಿಂತ ಆ ಕಡ್ಡಿಗಳ ಸಾಲಿನ ಫೋಟೋ ತೆಗೆದಿಡಿ, ಮೇಲ್ವಿಚಾರಕಿ ಬಂದಾಗ ಶಾಲಾಪೂರ್ವ ಚಟುವಟಿಕೆಗೆ ತೋರಿಸಲು ಆಗುತ್ತದೆ.